ಪುಸ್ತಕ ಅಂಗಡೀಲಿ ಸಿಗುತ್ತೆ, ನಾಟಕಕ್ಕೆ ಮಾತ್ರ ಬೀಗ: ಆಳೋರಿಗೆ ರಂಗಭೂಮಿ ಕಂಡ್ರೆ ಯಾಕಿಷ್ಟು ಪುಕುಪುಕು?

ಮೂರನೇಬೆಲ್:
ಎಲ್ರಿಗೂ ನಮಸ್ಕಾರ. ಹತ್ತು ದಿನದಿಂದ ಒಂದು ವಿಷ್ಯ ತಲೆ ಕೊರೀತಿದೆ, ಇಲ್ಲಿ ನಾಟಕ ಮಾಡಿ ನೋಡಿ ಪಳಗಿದೋರು ಇದ್ದೀರ ಅಂತ ಹಾಕ್ತಿದ್ದೀನಿ, ಉದ್ದ ಆಯ್ತು ಅಂತ ಬೈಬೇಡಿ.

ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೋ 2025ರ ಮೇನಲ್ಲಿ ತೀರಿಕೊಂಡಾಗ ಕಾದಂಬರಿಗಳ ಬಗ್ಗೆ ಎಲ್ರೂ ಬರೆದ್ರು. ನನ್ನನ್ನ ಬಿಡದೇ ಇರೋದು ಮಾತ್ರ ಕಮಿರೀಥು ಅನ್ನೋ ಹಳ್ಳೀಲಿ ಅವರು ಮಾಡಿಸಿದ ನಾಟಕದ ಕಥೆ. ಆ ಹಳ್ಳಿ ಇದ್ದಿದ್ದೇ ಒಂದು ಥರ. 1950ರ ದಶಕದಲ್ಲಿ ಮೌ ಮೌ ಅನ್ನೋ ಬಂಡಾಯ ಹತ್ತಿಕ್ಕೋಕೆ ಬ್ರಿಟಿಷರು ಜನರನ್ನ ಎಬ್ಬಿಸಿ ಒಂದೇ ಕಡೆ ಗುಡ್ಡೆ ಹಾಕಿದಾಗ ಹುಟ್ಟಿದ ಊರು ಅದು. 1977ರಲ್ಲಿ ಅಲ್ಲಿನ ಫ್ಯಾಕ್ಟರಿ ಕೆಲಸದೋರು, ತೋಟದ ಕೂಲಿಗಳು, ಕೆಲಸ ಇಲ್ಲದೆ ಅಲೀತಿದ್ದ ಹುಡುಗರು ಎಲ್ಲ ಸೇರಿ ತಾವೇ ಮಣ್ಣು ಹೊತ್ತು 2000 ಜನ ಕೂರೋ ಬಯಲು ರಂಗಮಂದಿರ ಕಟ್ಟಿಕೊಂಡ್ರು. ಗೂಗಿ ಮತ್ತೆ ಗೂಗಿ ವಾ ಮಿರಿ ಅನ್ನೋ ಇನ್ನೊಬ್ರು ಸೇರಿ ಅಲ್ಲಿನ ಜನರ ಗಿಕುಯು ಭಾಷೇಲಿ ನಾಟಕ ಬರೆದ್ರು, ಹೆಸರು ಎನ್‌ಗಾಹಿಕಾ ಎನ್‌ಡೀಂಡಾ, ಅಂದ್ರೆ ನನಗೆ ಬೇಕಾದಾಗ ಮದುವೆ ಆಗ್ತೀನಿ ಅಂತ. ರಿಹರ್ಸಲ್ ಎಲ್ಲ ಬಯಲಲ್ಲೇ, ಹೋಗೋ ಬರೋರು ನಿಂತು ನೋಡೋದು, ನೋಡಿ ಸುಮ್ನೆ ಹೋಗೋದಲ್ಲ, ಈ ವಯಸ್ಸಿನೋನು ಹೀಗೆ ಮಾತಾಡಲ್ಲ, ಈ ಗಾದೆ ಇಲ್ಲಿಗೆ ಕೂರಲ್ಲ ಅಂತ ತಿದ್ದೋದು. ಮದುವೆ ದೃಶ್ಯಕ್ಕೆ ಗೀತಿರೋ ಅಂತ ಒಂದು ಹಾಡಿನ ಪ್ರಕಾರ ಬೇಕಿತ್ತಂತೆ, ಓದು ಬರಹ ಬಾರದ ಒಬ್ಬ ಅಜ್ಜಿ ಹತ್ರ ಕೂತು ಕಲಿತರಂತೆ ಈ ಇಬ್ರು ದೊಡ್ಡ ಲೇಖಕರು.

ಅಕ್ಟೋಬರ್ 2ಕ್ಕೆ ಮೊದಲ ಪ್ರದರ್ಶನ (ನಮಗೆ ಗಾಂಧಿ ಜಯಂತಿ, ಅದು ಬೇರೆ ಮಾತು). ನವೆಂಬರ್ ಮಧ್ಯದಷ್ಟೊತ್ತಿಗೆ ಲೈಸೆನ್ಸ್ ವಾಪಸ್. ಡಿಸೆಂಬರ್ 31ಕ್ಕೆ ಗೂಗಿ ಅರೆಸ್ಟ್, ವಿಚಾರಣೆ ಇಲ್ದೆ ಒಂದು ವರ್ಷ ಕಮೀಟಿ ಅನ್ನೋ ಊರಿನ ಜೈಲು. ಇದನ್ನ ಮಾಡಿದ್ದು ಬ್ರಿಟಿಷರಲ್ಲ ಗಮನಿಸಿ, ಸ್ವತಂತ್ರ ಕೀನ್ಯಾದ ಸರ್ಕಾರ. ಬ್ರಿಟಿಷರು ಬಿಟ್ಟುಹೋದ ಲೈಸೆನ್ಸ್ ಪದ್ಧತಿ ಮಾತ್ರ ಕೈಲಿ ರೆಡಿ ಇತ್ತು.

ಈಗ ನನ್ನ ಪ್ರಶ್ನೆ. ಅದೇ 1977ರ ಜುಲೈನಲ್ಲಿ ಅದೇ ಗೂಗಿ ಇಂಗ್ಲಿಷಲ್ಲಿ ಬರೆದ ಪೆಟಲ್ಸ್ ಆಫ್ ಬ್ಲಡ್ ಕಾದಂಬರಿ ಬಂತು, ಸರ್ಕಾರದ ಮೇಲೆ ಅದೇ ಸಿಟ್ಟು, ಅದೇ ಮಾತು. ಅದನ್ನ ಬಿಡುಗಡೆ ಮಾಡಿದ್ದು ಯಾರು ಗೊತ್ತಾ, ಅಲ್ಲಿನ ಹಣಕಾಸು ಮಂತ್ರಿ! ಇನ್ನೊಂದು ಮಜಾ ನೋಡಿ, ಆ ನಿಷೇಧದ ನಾಟಕವೇ 1980ರಲ್ಲಿ ಗಿಕುಯು ಪುಸ್ತಕವಾಗಿ ಬಂತು. ಕೊಂಡು ಓದಬಹುದು, ಆಡೋಹಾಗಿಲ್ಲ. ಹಾಗಾದ್ರೆ ಅವರಿಗೆ ಭಯ ಇದ್ದಿದ್ದು ಯಾವುದಕ್ಕೆ?

ಹಳೇಪರದೆ:
ಒಳ್ಳೇ ಪ್ರಶ್ನೆ ತಂಗಿ. ಇದಕ್ಕೆ ನೂರು ವರ್ಷ ಮುಂಚೆ ನಮ್ಮಲ್ಲೇ ಉತ್ತರ ಉಂಟಾಗಿದೆ. ದೀನಬಂಧು ಮಿತ್ರ ಅಂತ ಅಂಚೆ ಇಲಾಖೆಯಲ್ಲಿ ಕೆಲಸದಲ್ಲಿದ್ದವರು, ಬಂಗಾಳದ ನೀಲಿ ಬೆಳೆಗಾರ ಸಾಹೇಬರು ರೈತರಿಗೆ ಕೊಡ್ತಿದ್ದ ಹಿಂಸೆ ಬಗ್ಗೆ ನೀಲದರ್ಪಣ ನಾಟಕ ಬರೆದು 1860ರಲ್ಲಿ ಢಾಕಾದಲ್ಲಿ ಅಚ್ಚು ಹಾಕಿಸಿದ್ರು, ಹೆಸರು ಹಾಕದೆ. ಹನ್ನೆರಡು ವರ್ಷ ಅದು ಹೆಚ್ಚಾಗಿ ಓದೋ ನಾಟಕವಾಗೇ ಓಡಾಡ್ತು. 1872ರ ಡಿಸೆಂಬರ್ 7ಕ್ಕೆ ಕಲ್ಕತ್ತೆಯಲ್ಲಿ ನ್ಯಾಷನಲ್ ಥಿಯೇಟರ್ ಅಂತ ಶುರುವಾಯ್ತಲ್ಲ, ಟಿಕೆಟ್ ಕೊಟ್ಟು ಯಾರು ಬೇಕಾದ್ರೂ ಬಂದು ನೋಡಬಹುದಾದ ರಂಗಭೂಮಿ, ಅದರ ಮೊದಲ ಆಟವೇ ಇದು. ಅಲ್ಲಿವರೆಗೆ ಅಲ್ಲಿ ನಾಟಕ ಅಂದ್ರೆ ಹೆಚ್ಚಾಗಿ ಜಮೀನ್ದಾರರ ಅಂಗಳದಲ್ಲಿ ಆಹ್ವಾನಿತರಿಗೆ.

1875ರಲ್ಲಿ ತಂಡ ಲಕ್ನೋಗೆ ಹೋಯ್ತು. ಮುಂದಿನ ಸಾಲಲ್ಲಿ ಬಿಳಿಯರು ಕೂತಿದ್ದಾರೆ. ನಾಟಕದಲ್ಲಿ ರೋಗ್ ಅನ್ನೋ ಬೆಳೆಗಾರ ಸಾಹೇಬ ರೈತರ ಹೆಣ್ಣುಮಗಳ ಮೇಲೆ ಕೈ ಮಾಡ್ತಾನೆ, ತೋರಾಪ್ ಅನ್ನೋ ರೈತ ನುಗ್ಗಿ ಸಾಹೇಬನಿಗೆ ನಾಲ್ಕು ಬಿಡ್ತಾನೆ. ಅಷ್ಟೇ, ನೋಡ್ತಿದ್ದ ಸಾಹೇಬರು ಎದ್ದು ಕತ್ತಿ ಹಿರಿದು ಸ್ಟೇಜ್ ಹತ್ತಿಬಿಟ್ರು! ನಾಟಕ ಅಲ್ಲಿಗೆ ಬಂದ್. ಆ ತಂಡದಲ್ಲಿ ಹುಡುಗಿಯಾಗಿದ್ದ ಬಿನೋದಿನಿ ದಾಸಿ ಇದನ್ನ ಆಮೇಲೆ ತನ್ನ ಆತ್ಮಕಥೇಲಿ ಬರೆದಿದ್ದಾಳೆ.

ಮುಂದಿನ ವರ್ಷ ಪ್ರಿನ್ಸ್ ಆಫ್ ವೇಲ್ಸ್ ಬಂದಾಗ ಒಬ್ಬ ವಕೀಲರು ಅವನನ್ನ ಮನೆ ಅಂತಃಪುರಕ್ಕೇ ಕರ್ಕೊಂಡು ಹೋಗಿ ಸತ್ಕಾರ ಮಾಡಿಸಿದ್ರು, ಅದನ್ನ ಆಡಿಕೊಂಡು ಒಂದು ಪ್ರಹಸನ ಬಂತು, ಅದರ ಮೇಲೆ ವೈಸ್‌ರಾಯ್ ಲಾರ್ಡ್ ನಾರ್ತ್‌ಬ್ರೂಕ್ 1876ರ ಫೆಬ್ರವರಿ ಕೊನೆಗೆ ಸುಗ್ರೀವಾಜ್ಞೆ ತಂದ, ವರ್ಷದ ಕೊನೆಗೆ ಅದೇ ಡ್ರಮ್ಯಾಟಿಕ್ ಪರ್ಫಾರ್ಮೆನ್ಸಸ್ ಆಕ್ಟ್ ಆಯ್ತು. ನಾಟಕ ನಿಲ್ಲಿಸಬಹುದು, ಪೊಲೀಸರು ಒಳಗೆ ನುಗ್ಗಬಹುದು, ಪಾತ್ರಧಾರಿಗಳನ್ನಷ್ಟೇ ಅಲ್ಲ, ವೇಷಭೂಷಣ ಸಾಮಾನನ್ನೂ ಎತ್ಕೊಂಡು ಹೋಗಬಹುದು.

ಸೈಡ್‌ವಿಂಗ್:
ಸ್ವಲ್ಪ ತಡೀರಿ. ಪುಸ್ತಕಕ್ಕೆ ಹೆದರಲ್ಲ, ನಾಟಕಕ್ಕೆ ಹೆದರ್ತಾರೆ ಅಂತ ಇಬ್ರೂ ಸೇರಿ ಚೆಂದದ ಗೆರೆ ಎಳೀತಿದ್ದೀರ. ಹಾಗಾದ್ರೆ 1861ರಲ್ಲಿ ಪಾದ್ರಿ ಜೇಮ್ಸ್ ಲಾಂಗ್ ಯಾಕೆ ಜೈಲಿಗೆ ಹೋದ? ನೀಲದರ್ಪಣದ ಇಂಗ್ಲಿಷ್ ಅನುವಾದ ಅಚ್ಚು ಹಾಕಿಸಿದ್ದಕ್ಕೆ ತಾನೆ, ಒಂದು ತಿಂಗಳು ಜೈಲು, ಸಾವಿರ ರೂಪಾಯಿ ದಂಡ. ಆಗಿನ್ನೂ ನಾಟಕ ಕಲ್ಕತ್ತೆಯ ಟಿಕೆಟ್ ಸ್ಟೇಜ್ ಹತ್ತೇ ಇರಲಿಲ್ಲ. ಬರೀ ಪೇಪರ್.

ಮೂರನೇಬೆಲ್:
@ಸೈಡ್‌ವಿಂಗ್ ಹೌದಲ್ವಾ, ಇದು ನನ್ನ ಲೆಕ್ಕ ತಪ್ಪಿಸ್ತು. ಆದ್ರೆ ನೋಡಿ, ಬಂಗಾಳಿ ಪುಸ್ತಕ ಮಾರ್ತಿದ್ದಾಗ ನೀಲಿ ತೋಟದ ಒಡೆಯರು ಕೋರ್ಟಿಗೆ ಹೋಗ್ಲಿಲ್ಲ, ಇಂಗ್ಲಿಷ್ ಆಗಿ ಇಂಗ್ಲೆಂಡ್‌ಗೆ ಹೋದಾಗ ಹೋದ್ರು. ಕೀನ್ಯಾದಲ್ಲಿ ಉಲ್ಟಾ, ಇಂಗ್ಲಿಷ್ ಕಾದಂಬರಿಗೆ ಮಂತ್ರಿ ರಿಬ್ಬನ್ ಕಟ್, ಗಿಕುಯು ನಾಟಕಕ್ಕೆ ಜೈಲು. ಅಂದ್ರೆ ಪೇಪರೋ ಸ್ಟೇಜೋ ಅನ್ನೋದಲ್ಲ, ಯಾರ ಕಿವಿಗೆ ಬೀಳುತ್ತೆ ಅನ್ನೋದು. ಕೇಳಬಾರದವರು ಕೇಳ್ತಿದ್ದಾರೆ ಅಂದಾಗ ಕೈ ನಡುಗುತ್ತೆ. ಸರಿ, ನನ್ನ ಪ್ರಶ್ನೆಯನ್ನ ಅರ್ಧ ವಾಪಸ್ ತಗೋತೀನಿ 😄

ಹಳೇಪರದೆ:
ಲಾಂಗ್‌ನ ಆ ಸಾವಿರ ರೂಪಾಯಿ ಕೋರ್ಟಲ್ಲೇ ಕಟ್ಟಿದ್ದು ಕಾಳಿಪ್ರಸನ್ನ ಸಿಂಹ, ಮಹಾಭಾರತವನ್ನ ಬಂಗಾಳಿ ಗದ್ಯಕ್ಕೆ ತರಿಸಿದವರು. ಹೇಳ್ಬೇಕು ಅನ್ನಿಸ್ತು.

ಚೌಕಿಮನೆ:
1876ರ ಕಾನೂನಿನ ಕಥೆ ಕೇಳುವಾಗ ನನಗೆ ನಗು ಬಂತು ಮಾರಾಯ್ರೆ. ಲೈಸೆನ್ಸ್ ಬೇಕಾದ ಕಡೆ ನಾಟಕದ ಪ್ರತಿ ಮೊದಲೇ ಕೊಡಬೇಕು ಅಂತ ಅದರಲ್ಲಿ ಉಂಟು. ವೇಷ ಇಲ್ಲದೆ ಕೂತು ಮಾತಲ್ಲೇ ಯಕ್ಷಗಾನ ನಡೆಸುವ ತಾಳಮದ್ದಳೆಯವರು ಎಂತ ಕೊಡುವುದು? ಪ್ರಸಂಗ ಪುಸ್ತಕದಲ್ಲಿ ಇರುವುದು ಬರೀ ಪದ್ಯ. ಮಾತು ಪೂರ್ತಿ ಆಶು. ಕರ್ಣನ ಅರ್ಥ ಹೇಳುವವರು ಇವತ್ತು ಹೇಳಿದ್ದು ನಾಳೆ ಹೇಳುವುದಿಲ್ಲ, ಎದುರು ಕೂತವರು ಕೊಂಕು ತೆಗೆದರೆ ಕಥೆ ಅರ್ಧ ಗಂಟೆ ಬೇರೆಯೇ ದಾರಿ ಹಿಡಿದು ಮತ್ತೆ ಭಾಗವತರು ಪದ್ಯ ಎತ್ತಿದಾಗ ವಾಪಸು ಬರ್ತದೆ. ಸೆನ್ಸಾರ್ ಮಾಡುವವನು ಪೆನ್ಸಿಲ್ ಹಿಡ್ಕೊಂಡು ಎಲ್ಲಿ ಗೀಟು ಹಾಕುವುದು?

ಹಾಗಂತ ಯಕ್ಷಗಾನ ಬ್ರಿಟಿಷರ ವಿರುದ್ಧ ಯುದ್ಧ ಮಾಡಿತು ಅಂತ ನಾನು ಹೇಳುವುದಿಲ್ಲ. ಈಗ ಎಲ್ಲದಕ್ಕೂ ಒಂದು ಪ್ರತಿರೋಧ ಅಂಟಿಸುವ ಚಾಳಿ ಶುರುವಾಗಿದೆ. ಮೇಳದವರಿಗೆ ಬೆಳಗಿನವರೆಗೆ ಆಟ ಎಳೆಯುವುದೇ ದೊಡ್ಡದು. ನಾನು ಹೇಳುವುದು ಇಷ್ಟೇ, ಆಶುವಾಗಿ ಮಾತಾಡುವ ಒಂದು ರೂಪ ಉಳಿದುಕೊಂಡರೆ ಅದರೊಳಗೆ ಬೇಕಾದಾಗ ಬೇಕಾದ್ದು ಹೇಳಲಿಕ್ಕೆ ಜಾಗ ಇರ್ತದೆ.

ಹಳೇಪರದೆ:
ಪುರಾಣದ ಮರೆಯಲ್ಲಿ ಹೇಳಿದ್ದಕ್ಕೆ ಮರಾಠಿಯಲ್ಲಿ ಪಕ್ಕಾ ಉದಾಹರಣೆ ಇದೆ. ಖಾಡಿಲ್ಕರ್ ಅವರ ಕೀಚಕವಧ, 1907. ಪುಸ್ತಕ ತೆಗೆದು ಓದಿದ್ರೆ ವಿರಾಟಪರ್ವ ಅಷ್ಟೇ, ವೈಸ್‌ರಾಯ್ ಆಗಿದ್ದ ಕರ್ಜನ್ ಹೆಸರು ಎಲ್ಲೂ ಇಲ್ಲ. ಆದರೆ ಕೂತಿದ್ದವರಿಗೆ ಕೀಚಕ ಅಂದ್ರೆ ಕರ್ಜನ್, ದ್ರೌಪದಿ ಅಂದ್ರೆ ದೇಶ, ತಾಳ್ಮೆ ತಾಳ್ಮೆ ಅನ್ನೋ ಧರ್ಮರಾಯ ಮಂದಗಾಮಿ, ಭೀಮ ತಿಲಕರ ಕಡೆಯವನು. 1910ರಲ್ಲಿ ನಿಷೇಧ ಆಯ್ತು. ಆಲೋಚಿಸಿ, ನಿಷೇಧ ಮಾಡೋ ಅಧಿಕಾರಿ ಫೈಲಲ್ಲಿ ಏನಂತ ಬರೀಬೇಕು, ಕೀಚಕ ನಮ್ಮ ವೈಸ್‌ರಾಯ್ ಥರ ಕಾಣ್ತಾನೆ ಅಂತ ತಾನೇ ಒಪ್ಕೊಂಡ ಹಾಗಾಗಲ್ವಾ!

ನೇಪಥ್ಯ:
ನಾನು ಕಾಸ್ಟ್ಯೂಮ್ ಹೊಲಿಯೋಳು, ಮಾತಿಗಿಂತ ಬಟ್ಟೆ ಮೇಲೆ ಕಣ್ಣು ನಂದು. ಫಿಲಿಪೀನ್ಸ್ ಕಥೆ ಯಾರೂ ಹೇಳ್ಲಿಲ್ಲ ಅದಕ್ಕೇ ಹೇಳ್ತೀನಿ. ಸ್ಪೇನ್‌ನವರು ಹೋದ್ರು, ಅಮೆರಿಕದವರು ಬಂದು ಕೂತ್ರು. 1901ರಲ್ಲೇ ಸ್ವಾತಂತ್ರ್ಯ ಅಂತ ಮಾತಾಡಿದ್ರೆ ರಾಜದ್ರೋಹ ಅನ್ನೋ ಕಾನೂನು ತಂದ್ರು. ಆಗ ಮನಿಲಾದ ನಾಟಕದೋರು ಏನ್ಮಾಡಿದ್ರು ಅಂದ್ರೆ, ಸ್ಕ್ರಿಪ್ಟಲ್ಲಿ ಅಂಥದ್ದೇನೂ ಕಾಣದ ಹಾಗೆ ಇಟ್ಟು ಬಟ್ಟೆಗೆ ಬಣ್ಣ ಹಾಕಿದ್ರು. ಒಬ್ಬೊಬ್ರೂ ಬೇರೆ ಬೇರೆ ಓಡಾಡ್ವಾಗ ಸಾಮಾನ್ಯ ಉಡುಪು, ಒಂದು ಕ್ಯೂಗೆ ಎಲ್ರೂ ಹತ್ರ ಬಂದು ಒಂದು ಕ್ರಮದಲ್ಲಿ ನಿಂತ್ರು ಅಂದ್ರೆ ತೊಟ್ಟ ಬಟ್ಟೆ ಎಲ್ಲ ಸೇರಿ ಅವರ ದೇಶದ ಬಾವುಟ! ಜನ ಹೋ ಅನ್ನೋಷ್ಟರಲ್ಲಿ ಮತ್ತೆ ಚದುರಿ ಹೋಗ್ತಿದ್ರು. ಹಿಡಿಯೋಕೆ ಏನೂ ಸಿಗಲ್ಲ. ನಾನು ಇದನ್ನ ಓದಿದ ದಿನ ಮೆಷಿನ್ ಮುಂದೆ ಸುಮ್ನೆ ಕೂತಿದ್ದೆ. ಅಳತೆ ತಗೊಂಡೋರು ಯಾರೋ, ಯಾವ ನಟಿ ಎಡಕ್ಕೆ ನಿಲ್ತಾಳೆ ಯಾರ ತೋಳು ಯಾರ ತೋಳಿಗೆ ತಾಗುತ್ತೆ ಅಂತ ಲೆಕ್ಕ ಹಾಕಿ ಹೊಲಿದೋರು ಯಾರೋ, ಅವರ ಹೆಸರು ಎಲ್ಲೂ ಇಲ್ಲ.

1903ರ ಮೇನಲ್ಲಿ ಔರೇಲಿಯೋ ಟೊಲೆಂಟಿನೋ ನಾಟಕ ಆಡ್ವಾಗ, ಅದರ ಹೆಸರಿನ ಅರ್ಥ ನಿನ್ನೆ ಇವತ್ತು ನಾಳೆ ಅಂತ, ಅಲ್ಲೂ ನೋಡ್ತಿದ್ದ ಅಮೆರಿಕದವರು ಸಿಟ್ಟಾಗಿ ಗಲಾಟೆ ಎಬ್ಬಿಸಿದ್ರು, ಟೊಲೆಂಟಿನೋ ಅರೆಸ್ಟ್. ಲಕ್ನೋದಲ್ಲಿ ಆದ ಹಾಗೇನೆ. ನಾಟಕ ಅಂತ ಗೊತ್ತಿದ್ರೂ ತಡ್ಕೊಳಕ್ಕಾಗದವರು ಎರಡು ಕಡೆನೂ ಆಳೋರೇ ನೋಡಿ.

ಸೈಡ್‌ವಿಂಗ್:
ಯಾವಾಗ್ಲೂ ಆಳೋರೇ ಏನಲ್ಲ. ಡಬ್ಲಿನ್‌ನಲ್ಲಿ 1907ರಲ್ಲಿ ಸಿಂಜ್ ಅನ್ನೋ ಐರಿಷ್ ನಾಟಕಕಾರನ ನಾಟಕಕ್ಕೆ ಗಲಾಟೆ ಮಾಡಿದ್ದು ಇಂಗ್ಲಿಷರಲ್ಲ, ಐರಿಷ್ ರಾಷ್ಟ್ರೀಯವಾದಿಗಳೇ. ನಮ್ಮ ಹಳ್ಳಿ ಹೆಣ್ಣುಮಕ್ಕಳ ಮರ್ಯಾದೆ ತೆಗೆದ್ರು ಅಂತ. ಆ ರಂಗಮಂದಿರ ಇದ್ದಿದ್ದೇ ಐರಿಷ್ ತನವನ್ನ ಉಳಿಸೋಕೆ. ವಸಾಹತುಶಾಹಿ ವಿರೋಧಿ ಪ್ರೇಕ್ಷಕರು ಕೂಡ ಸಖತ್ ಡೇಂಜರ್.

ಇನ್ನೊಂದು ನೇರವಾಗಿ ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ನಿರ್ವಸಾಹತೀಕರಣ, ಅಂದ್ರೆ ವಸಾಹತಿನ ಛಾಪು ಕಳಚೋದು, ಅಂತ ಬೋರ್ಡ್ ಹಾಕ್ಕೊಂಡು ಬರೋ ಈಗಿನ ನಾಟಕ ಬಹಳಷ್ಟು ಎಸಿ ಹಾಲ್‌ನಲ್ಲಿ, ಬ್ರೋಷರ್ ಇಂಗ್ಲಿಷಲ್ಲಿ, ನಾಟಕ ಮುಗಿದ ಮೇಲೆ ಸಂವಾದ ಇಂಗ್ಲಿಷಲ್ಲಿ, ನೋಡೋಕೆ ಬಂದೋರು ಅದೇ ಎಂಬತ್ತು ಜನ, ಒಬ್ಬರ ನಾಟಕಕ್ಕೆ ಇನ್ನೊಬ್ಬರು. ಇದಕ್ಕೆ ಯಾವ ಸರ್ಕಾರ ಹೆದರುತ್ತೆ ಹೇಳಿ? ಹೆದರದೆ ಇದ್ರೆ ತಪ್ಪು ಅಂತ ಅಲ್ಲ, ಆದ್ರೆ ಹೆಸರಿಟ್ಕೊಂಡ ಮೇಲೆ ಸ್ವಲ್ಪ ನಾಚಿಕೆ ಇರಲಿ.

ಮೂರನೇಬೆಲ್:
ಆ ಎಂಬತ್ತರಲ್ಲಿ ನಾನೂ ಒಬ್ಳು ಸರ್ 🙈 ಒಪ್ಕೋತೀನಿ.

ಆದ್ರೆ ಪ್ರೊಸೀನಿಯಂ ಅನ್ನೋ ಚೌಕಟ್ಟಿನ ಸ್ಟೇಜ್ ಬೇಡ, ಹಾಲ್ ಬೇಡ, ಬೀದಿಗೆ ಹೋದ್ರೆ ಎಲ್ಲ ಸರಿ ಆಗುತ್ತೆ ಅನ್ನೋದೂ ಸುಳ್ಳೇ ಅನ್ಸುತ್ತೆ. ಆ ಚೌಕಟ್ಟು, ಸೀನರಿ ಪರದೆ, ಟಿಕೆಟ್ಟು ಎಲ್ಲ ಬ್ರಿಟಿಷರ ಜೊತೆ ಬಂದಿದ್ದು ನಿಜ, ಪಾರ್ಸಿ ಕಂಪನಿಗಳ ಮೂಲಕ ನಮ್ಮ ಕಂಪನಿ ನಾಟಕಕ್ಕೂ ಬಂತು. ನೀಲದರ್ಪಣ ಆಡಿದ್ದೂ ಅಂಥದ್ದೇ ಸ್ಟೇಜ್ ಮೇಲೆ. ಅವರು ಕೊಟ್ಟ ಪೆಟ್ಟಿಗೆ ಒಳಗೆ ನಿಂತು ಅವರಿಗೇ ಬೈದ್ರು. ಕಾರ್ನಾಡರು 1971ರ ಹಯವದನದಲ್ಲಿ ಅರ್ಧಪರದೆ, ಭಾಗವತ, ಮುಖವಾಡ ಎಲ್ಲ ತಂದ್ರಲ್ಲ, ಆ ಕಥೆ ಅವರಿಗೆ ಸಿಕ್ಕಿದ್ದು ಥಾಮಸ್ ಮನ್ ಬರೆದ ಜರ್ಮನ್ ಕಥೆ ಮೂಲಕ, ಅವನಿಗೆ ಸಿಕ್ಕಿದ್ದು ಕಥಾಸರಿತ್ಸಾಗರದ ಕಡೆಯಿಂದ. ಯಾವುದು ನಮ್ಮದು ಯಾವುದು ಹೊರಗಿನದು ಅಂತ ತಕ್ಕಡಿ ಇಟ್ಕೊಂಡು ಕೂತ್ರೆ ನಾಟಕ ಶುರು ಆಗೋದೇ ಇಲ್ಲ.

ಹಳೇಪರದೆ:
ಕಾನೂನು ಏನಾಯ್ತು ಅಂತ ಯಾರೂ ಕೇಳ್ಲಿಲ್ಲ, ನಾನೇ ಹೇಳಿಬಿಡ್ತೀನಿ. 1947ಕ್ಕೆ ಬ್ರಿಟಿಷರು ಹೋದ್ರು, 1876ರ ಆಕ್ಟ್ ಇಲ್ಲೇ ಉಳೀತು. 1953ರಲ್ಲಿ ಲಕ್ನೋದಲ್ಲಿ ಇಪ್ಟಾ ಅನ್ನೋ ಎಡಪಂಥೀಯ ರಂಗಸಂಘದವರು ಒಂದು ನಾಟಕ ಆಡಿದ್ರು, ಅದೇ ಆಕ್ಟ್ ಕೆಳಗೆ ಕೇಸ್. ಯಾವ ನಾಟಕ ಅಂತೀರ? ಪ್ರೇಮಚಂದರ ಈದ್ಗಾ! ಹಬ್ಬಕ್ಕೆ ಕೊಟ್ಟ ಮೂರು ಕಾಸಲ್ಲಿ ಆಟಿಕೆ ಬಿಟ್ಟು ಅಜ್ಜಿ ಕೈ ಸುಡಬಾರದು ಅಂತ ಇಕ್ಕಳ ತರೋ ಹುಡುಗನ ಕಥೆ, ಸ್ಕೂಲಲ್ಲಿ ಓದಿರ್ತೀರ. 1956ರಲ್ಲಿ ಅಲಹಾಬಾದ್ ಹೈಕೋರ್ಟ್ ಈ ಆಕ್ಟ್ ಸಂವಿಧಾನಕ್ಕೆ ವಿರುದ್ಧ ಅಂತ ಹೇಳ್ತು. ಅದರ ಹಿಂದೆ ಮುಂದೆ ರಾಜ್ಯಗಳು ತಮ್ಮ ತಮ್ಮ ಕಾಯ್ದೆ ಮಾಡ್ಕೊಂಡ್ವು, ಮದ್ರಾಸ್‌ನದು 1954, ನಮ್ಮದು 1964. ಮೂಲ ಕಾಯ್ದೆಯನ್ನ ಸಂಸತ್ತು ಪುಸ್ತಕದಿಂದ ತೆಗೆದುಹಾಕಿದ್ದು 2018ರಲ್ಲಿ, ಅದೂ ಹಳೇ ಕಾಯ್ದೆಗಳ ಒಂದು ದೊಡ್ಡ ಮೂಟೆ ಜೊತೆ. ಯಾರೂ ಒಂದು ಚಪ್ಪಾಳೆ ಹೊಡೀಲಿಲ್ಲ.

ನೇಪಥ್ಯ:
ಬಿನೋದಿನಿ ಹೆಸರು ಬಂತು, ಪೂರ್ತಿ ಮಾಡ್ಬೇಕು. ಸೂಳೆಗೇರಿಯಿಂದ ಬಂದ ಹೆಣ್ಣುಮಕ್ಕಳು ಸ್ಟೇಜ್ ಹತ್ತಿದ್ದಕ್ಕೆ ಆಗಿನ ದೊಡ್ಡ ದೊಡ್ಡ ಸುಧಾರಕರೇ ಮುಖ ಸಿಂಡರಿಸಿದ್ರು. 1883ರಲ್ಲಿ ಇವಳ ಬಲದಿಂದ ಒಂದು ಹೊಸ ಥಿಯೇಟರ್ ಎದ್ದಿತು, ಇವಳ ಹೆಸರೇ ಇಡ್ತೀವಿ ಅಂದಿದ್ರು, ಕೊನೆಗೆ ರಿಜಿಸ್ಟರ್ ಆಗಿ ಬಂದಿದ್ದು ಸ್ಟಾರ್ ಥಿಯೇಟರ್ ಅಂತ. ಮೂರ್ನಾಲ್ಕು ವರ್ಷಕ್ಕೆ ಇನ್ನೂ ಚಿಕ್ಕ ವಯಸ್ಸಲ್ಲೇ ಸ್ಟೇಜ್ ಬಿಟ್ಟಳು. 2024ರ ಡಿಸೆಂಬರ್ ಕೊನೆಗೆ ಬಂಗಾಳ ಸರ್ಕಾರ ಈಗಿರೋ ಸ್ಟಾರ್ ಥಿಯೇಟರ್‌ಗೆ ಬಿನೋದಿನಿ ಅಂತ ಹೆಸರು ಘೋಷಿಸ್ತು. ಅವಳು ಕುಣಿದ ಕಟ್ಟಡ ಅದಲ್ಲ, ಅದು ಬೇರೆ ಬೀದೀಲಿತ್ತು. ಬಿಳಿಯರ ದೌರ್ಜನ್ಯ ನೆನಪಿಡೋಕೆ ನಾಟಕ ಆಡಿದ ಆ ರಂಗಭೂಮಿ ತನ್ನೊಳಗಿನ ಹೆಣ್ಣಿನ ಹೆಸರನ್ನ 140 ವರ್ಷ ನುಂಗಿ ಕೂತಿತ್ತು. ಸಾಂಸ್ಕೃತಿಕ ನೆನಪು ಅಂತೀವಲ್ಲ, ಅದಕ್ಕೂ ಯಜಮಾನರು ಇರ್ತಾರೆ.

ತಾಲೀಮಿನ_ಮನಿ:
ಎಲ್ಲಾ ಓದಿದ್ನಿ, ಭಾಳ ಚಲೋ ನಡದೈತಿ. ನಂದೊಂದು ಸಣ್ಣ ವಿಷಯ ಐತ್ರಿ.

ನಮ್ಮ ಕಡೆ ಲಾವಣಿ ಗೊತ್ತಿರಬೇಕು ನಿಮಗ, ಹಲಗಲಿ ಬೇಡರದು. 1857ರಾಗ ಹತಾರ ಕೊಡಂಗಿಲ್ಲ ಅಂತ ನಿಂತವ್ರನ್ನ ಊರಾಗ ಸುಟ್ಟು ಹಾಕಿದ್ದು. ಆ ಲಾವಣಿ ಬರ್ಕೊಂಡು ಅಚ್ಚು ಹಾಕಿಸಿದವಾ ಯಾರು, ಫ್ಲೀಟ್ ಸಾಹೇಬ, ಅದೇ ಸರಕಾರದ ಅಧಿಕಾರಿ! ನಮ್ಮನ್ನ ಸುಟ್ಟವ್ರ ಪೈಕಿ ಒಬ್ಬವ ನಮ್ಮ ಹಾಡು ಉಳಿಸ್ಯಾನ ಅಂತ ನಮ್ಮಪ್ಪ ನಕ್ಕೋತ ಹೇಳ್ತಿದ್ದ, ನಗಬೇಕೋ ಬ್ಯಾಡೋ ಗೊತ್ತಾಗಂಗಿಲ್ಲ.

ನಮ್ಮ ಅಜ್ಜ ಆಟದ ಮಾಸ್ತರ. ಸಂಗೊಳ್ಳಿ ರಾಯಣ್ಣನ ಆಟ ಕಲಸ್ತಿದ್ದ, 1831ರಾಗ ನಂದಗಡದಾಗ ಗಲ್ಲಿಗೆ ಹಾಕಿದ್ರಲ್ಲ, ಅಲ್ಲೀತನ. ಥ್ಯಾಕರೆ ಸಾಹೇಬನ ಪಾರ್ಟು ಮಾಡ್ತಿದ್ದವಾ ಒಬ್ಬಾವಿದ್ದ, ಕರೇ ಟೊಪ್ಪಿಗಿ ಹಾಕ್ಕೊಂಡು ಬರ್ತಿದ್ದ, ಸಾಯೂತನಾ ಊರಾಗ ಅವ್ನ ಖರೇ ಹೆಸರು ಯಾರೂ ಕರೀಲಿಲ್ಲ, ಥ್ಯಾಕರಿ ಅಂತನಾ ಕರದ್ರು. ಅವನ ಮಗಗ ಸಾಲ್ಯಾಗ ಥ್ಯಾಕರಿ ಮಗಾ ಅಂತ ಕಾಡ್ತಿದ್ರು ಪಾಪ.

ಈಗ ನನ್ನ ತ್ರಾಸ ಏನಂದ್ರ, ಅಜ್ಜನ ಪ್ರತಿ ನನ್ನ ಕಡೆ ಐತಿ. ಬಗಲಾಗ ಎಣ್ಣಿ ಕಲಿ ಹತ್ತಿದ್ದು ಉದ್ದನ ಪುಸ್ತಕ, ಮಾತು ಎಲ್ಲಾ ಅದಾವ, ಹಾಡಿನ ಅಕ್ಷರಾನೂ ಅದಾವ. ಮಟ್ಟು ಇಲ್ಲ. ಪ್ರತಿ ಹಾಡಿನ ಮ್ಯಾಲ ಬರೇ ಒಂದು ಸಾಲು, ಹಿಂದಿನ ಹಾಡಿನ ಧಾಟಿ, ಅಂತ. ಹಿಂದಿನದು ಅಂದ್ರ ಯಾವುದು? ಅಜ್ಜಗ ಗೊತ್ತಿತ್ತು, ಬರಿಯೂ ಜರೂರು ಇರಲಿಲ್ಲ. ಪುಸ್ತಕಕ್ಕ ಯಾರೂ ಯಾಕ ಹೆದರಲಿಲ್ಲ ಅಂತ ಮೊದಲಿಗೆ ಅಕ್ಕಾರು ಕೇಳ್ಯಾರಲ್ಲ, ನನ್ನ ಕೈಯಾಗ ಹಂತಾ ಪುಸ್ತಕನಾ ಐತಿ ನೋಡ್ರಿ.

ಮೂರನೇಬೆಲ್:
ಅಯ್ಯೋ ಅಣ್ಣ, ಇದಕ್ಕೇನು ಹೇಳ್ಲಿ. ಆ ತಂಡದಲ್ಲಿ ಆಡಿದೋರು, ಹಾಡಿದೋರು ಯಾರಾದ್ರೂ ಇದ್ದಾರಾ ಈಗ? ಇದ್ರೆ ಫೋನ್‌ನಲ್ಲಾದ್ರೂ ರೆಕಾರ್ಡ್ ಮಾಡ್ಕೊಳ್ಳಿ, ಇವತ್ತೇ.

ಕಮಿರೀಥು ಕಥೆಯ ಉಳಿದ ಅರ್ಧ ಹೇಳ್ದೇ ಬಿಟ್ಟಿದ್ದೆ. ಗೂಗಿ ಜೈಲಿಂದ ಬಂದ ಮೇಲೆ 1982ಕ್ಕೆ ಅದೇ ಹಳ್ಳಿಯೋರು ಇನ್ನೊಂದು ನಾಟಕ ಹಿಡಿದ್ರು, ಮೈತು ಎನ್‌ಜುಗಿರಾ, ಅಮ್ಮ ನನಗೋಸ್ಕರ ಹಾಡು ಅಂತ. ನೈರೋಬಿಯ ನ್ಯಾಷನಲ್ ಥಿಯೇಟರ್ ಬಾಗಿಲು ತೆಗೀಲಿಲ್ಲ. ಯೂನಿವರ್ಸಿಟೀಲಿ ರಿಹರ್ಸಲ್ ಅಂತ ಮಾಡಿದ್ರು, ರಿಹರ್ಸಲ್‌ಗೇ ಸಾವಿರಾರು ಜನ ಬಂದ್ರು, ಅದನ್ನೂ ನಿಲ್ಲಿಸಿದ್ರು. ಮಾರ್ಚ್‌ನಲ್ಲಿ ಲಾರಿಗಟ್ಟಲೆ ಪೊಲೀಸರು ಬಂದು ಹಳ್ಳೀಲಿದ್ದ ಆ 2000 ಸೀಟಿನ ಬಯಲು ರಂಗಮಂದಿರ ನೆಲಸಮ ಮಾಡಿದ್ರು. ನಾಟಕ ಒಂದು ದಿನವೂ ಅಧಿಕೃತವಾಗಿ ಆಡ್ಲೇ ಇಲ್ಲ, ನೋಡಿದೋರು ಎಲ್ರೂ ನೋಡಿದ್ದು ರಿಹರ್ಸಲ್ಲೇ.

ಸೈಡ್‌ವಿಂಗ್:
@ತಾಲೀಮಿನ_ಮನಿ ನಾನು ಇಷ್ಟೊತ್ತು ಬರೀ ಕೊಂಕು ತೆಗೆದೆ, ಒಂದು ಉಪಯೋಗದ ಮಾತು ಹೇಳ್ತೀನಿ. ಬರೀ ಆಡಿಯೋ ಬೇಡ, ವಿಡಿಯೋ ಮಾಡಿ, ಕೈ ಕಾಣೋ ಹಾಗೆ. ತಾಳ ಕೈಲಿರುತ್ತೆ. ಮಧ್ಯ ಮಧ್ಯ ಇದು ಯಾವ ಹಾಡು ಅಂತ ಕೇಳಿ ನಿಲ್ಲಿಸ್ಬೇಡಿ, ಹಿರಿಯರು ಒಂದ್ಸಲ ನಿಂತ್ರೆ ಮತ್ತೆ ಎತ್ತಲ್ಲ.

ಚೌಕಿಮನೆ:
ಅವರನ್ನು ಒಬ್ಬರನ್ನೇ ಕೂರಿಸಿ ಹಾಡಿ ಹಾಡಿ ಅಂದರೆ ಬರುವುದಿಲ್ಲ. ಎದುರು ಪಾತ್ರ ಬೇಕು. ಮಾತಿನ ಕೊನೆ ಶಬ್ದ ಕಿವಿಗೆ ಬಿದ್ದರೆ ಪದ್ಯ ತಾನಾಗಿ ಎದ್ದು ಬರ್ತದೆ.

ತಾಲೀಮಿನ_ಮನಿ:
ಎರಡು ವಾರ ಆತು, ಬರೀಲಿಕ್ಕೆ ಆಗಲಿಲ್ಲ, ಕ್ಷಮಿಸ್ರಿ.

ಒಬ್ರು ಅದಾರ್ರಿ. ಎಂಬತ್ನಾಕು ವಯಸ್ಸು, ಆವಾಗ ಚೆನ್ನಮ್ಮನ ಪಾರ್ಟು ಮಾಡ್ತಿದ್ದವ್ರು. ಮೊದಲ ದಿನ ಹೋದ್ರ ಏನೂ ನೆನಪಿಲ್ಲ ಹೋಗೋ ಅಂದ್ರು. ಎರಡನೇ ದಿನ ಚೌಕಿಮನೆಯವ್ರು ಹೇಳಿದಂಗ ಪ್ರತಿ ತಗೊಂಡು ಹೋಗಿ ಥ್ಯಾಕರೆ ಮಾತು ನಾನಾ ಓದಿದ್ನಿ, ತಪ್ಪು ತಪ್ಪು ಓದಿದ್ನಿ ಅಂತ ಕಾಣತದ, ಸಿಟ್ಟು ಬಂದು ಎದ್ದು ಕುಂತ್ರು, ಸಾಹೇಬ ಹಂಗ ಮಾತಾಡಂಗಿಲ್ಲೋ ಅಂತ ಬೈದು ಅವರಾ ಸಾಹೇಬನ ಮಾತೂ ಹೇಳಿದ್ರು, ಅದರ ಬೆನ್ನಿಗೆ ಹಾಡು ಎತ್ತಿದ್ರು. ಹನ್ನೊಂದು ಹಾಡಿನೊಳಗ ಐದು ಸಿಕ್ಕಾವು. ಎಡಗೈ ತೊಡಿ ಮ್ಯಾಲ ಬಡಿತಿತ್ತು, ಸೈಡ್‌ವಿಂಗ್ ಅವ್ರು ಹೇಳಿದ್ದು ಚಲೋ ಆತು, ಕೈ ವಿಡಿಯೋದಾಗ ಬಂದೈತಿ. ಮೂರನೇ ಹಾಡಿನಾಗ ಎರಡು ಸಾಲು ಅಜ್ಜನ ಪ್ರತಿಯೊಳಗ ಇಲ್ಲದ್ದು ಹಾಡಿದ್ರು, ಇದು ಪುಸ್ತಕದಾಗ ಇಲ್ಲಲ್ಲ ಅಂದ್ರ, ಅದು ಪೊಲೀಸರು ಬಂದಾಗ ಹಾಡೂದಲ್ಲ ಅದಕ್ಕ ನಿಮ್ಮಜ್ಜ ಬರದಿಲ್ಲ ಅಂದ್ರು.

ಗಲ್ಲಿನ ಹಾಡಿಗೆ ಬಂದು ನಿಂತ್ರು. ಎರಡು ಸಲ ಶುರು ಮಾಡಿದ್ರು, ಬಿಟ್ರು. ಮದ್ದಳಿ ಇಲ್ದ ಇದು ಬರಂಗಿಲ್ಲ ಅಂದ್ರು. ಗುಡಿಯೊಳಗ ಅಜ್ಜನ ಕಾಲದ ಮದ್ದಳಿ ಐತಿ, ಒಂದು ಕಡೆ ಚರ್ಮ ಹರದೈತಿ. ಮುಚ್ಚಿಸಿಕೊಂಡು ಬರಾಕ ಕೊಟ್ಟೀವಿ, ಬರೂ ವಾರ ಕೊಡ್ತೀನಿ ಅಂದಾನ. ಬಂದ ಮ್ಯಾಲ ಇಲ್ಲೇ ಹೇಳ್ತೀನ್ರಿ.